ಘನೀಕೃತ ವೀರ್ಯ ಕೆಟ್ಟಿರುವುದನ್ನು ಗುರುತಿಸುವ ಬಗೆ



ಸಕಾಲದಲ್ಲಿ ಕೃತಕ ಗರ್ಭಧಾರಣೆ ಮಾಡಿಸಿದರೂ ಹಸು ಗಬ್ಬವಾಗದಿದ್ದರೆ ಹಸುವಿನಲ್ಲೇ ದೋಷವಿದೆಯೆನ್ನುವುದು ವಾಡಿಕೆ. ಮುಂದಿನ ಬೆದೆಗೆ ಸುಮಾರು 21 ದಿನ ಕಾಯಬೇಕು. ಅಷ್ಟು ದಿನದ ಮೇವು, ಹಿಂಡಿ ದಂಡ. ಆದರೆ ದೋಷ ಕೆಲವೊಮ್ಮೆ ವೀರ್ಯದಲ್ಲಿಯೂ ಇರುವುದುಂಟು.

ವೀರ್ಯವನ್ನು 0.25 ಮಿ.ಲೀ. ನಳಿಕೆಗಳಲ್ಲಿ ತುಂಬಿ, ಮೈನಸ್ 196 ಡಿಗ್ರಿ ಸೆಂಟಿಗ್ರೇಡ್ ಶೈತ್ಯದ ದ್ರವ ಸಾರಜನಕದಲ್ಲಿ ಇಡಲಾಗುತ್ತದೆ. ಅಲ್ಲಿ ಅದು ವರ್ಷಗಟ್ಟಲೆ ಕೆಡದು. ಹೆಸರಘಟ್ಟದಲ್ಲಿರುವಂಥ ವೀರ್ಯ ಕೇಂದ್ರಗಳು ಪರೀಕ್ಷಿಸಿಯೇ ನಳಿಕೆಗಳನ್ನು ಕಳುಹಿಸುತ್ತವೆ. ಕೆಡುವುದು ಆಮೇಲೆ, ಶೈತ್ಯ ತಪ್ಪಿದಾಗ. ಮೈನಸ್ 130 ಡಿಗ್ರಿಗಿಂತ ಬೆಚ್ಚಗಾದರೆ ಹಿಮದ ಸಣ್ಣ ಹರಳುಗಳು ಬೆಳೆದು ವೀರ್ಯಾಣುವಿನ ಪೊರೆಗೆ ಪೆಟ್ಟು ಕೊಡುತ್ತವೆ. ಮತ್ತೆ ಸಾರಜನಕದಲ್ಲಿ ಅದ್ದಿದರೆ ಈ ಪೆಟ್ಟು ವಾಸಿಯಾಗದು. ನಳಿಕೆ ಮಾತ್ರ ಮೊದಲಿನಂತೆಯೇ ಕಾಣುತ್ತದೆ. ಆದ್ದರಿಂದ ಪರೀಕ್ಷೆ ಅಗತ್ಯ.

1. ಚಲನೆ: ನಳಿಕೆಯನ್ನು 37 ಡಿಗ್ರಿ ನೀರಿನಲ್ಲಿ 30 ಸೆಕೆಂಡು ಇಟ್ಟು ಕರಗಿಸಿ, ಬೆಚ್ಚಗಿನ ಗಾಜಿನ ಪಟ್ಟಿಯ ಮೇಲೆ ಹನಿಯಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನೂರಕ್ಕೆ 50 ವೀರ್ಯಾಣುಗಳಾದರೂ ಮುಂದಕ್ಕೆ ಈಜುತ್ತಿರಬೇಕು. ಪಟ್ಟಿ ತಣ್ಣಗಿದ್ದರೆ ಒಳ್ಳೆಯ ವೀರ್ಯವೂ ಕೆಟ್ಟದ್ದಾಗಿ ತೋರೀತು.

2. ಜೀವಂತಿಕೆ: ಇಯೋಸಿನ್-ನಿಗ್ರೋಸಿನ್ ಬಣ್ಣ ಹಾಕಿದಾಗ ಸತ್ತ ವೀರ್ಯಾಣು ಗುಲಾಬಿಯಾಗುತ್ತದೆ, ಬದುಕಿರುವುದು ಬಣ್ಣ ಹಿಡಿಯದೆ ಬಿಳಿಯಾಗಿ ಉಳಿಯುತ್ತದೆ.

3. ತಲೆಯ ಟೋಪಿ: ಅಂಡದೊಳಗೆ ನುಗ್ಗಲು ಬೇಕಾದ ರಸ ಆಕ್ರೋಸೋಮ್ ಎಂಬ ಈ ಟೋಪಿಯಲ್ಲಿರುತ್ತದೆ. ಗೀಮ್ಸಾ ಬಣ್ಣದಿಂದ ಇದರ ಸ್ಥಿತಿ ತಿಳಿಯುತ್ತದೆ. ಟೋಪಿ ಹಾಳಾದ ವೀರ್ಯಾಣು ಈಜೀತು, ಗರ್ಭ ಕಟ್ಟಿಸಲಾರದು. ಆದಕಾರಣ ಚಲನೆಯೊಂದನ್ನೇ ನಂಬಬಾರದು. ಕೋಣದ ವೀರ್ಯ ಹೋರಿಯದಕ್ಕಿಂತ ಬೇಗ ಪೆಟ್ಟು ತಿನ್ನುವುದರಿಂದ ಎಮ್ಮೆಗಳ ವಿಷಯದಲ್ಲಿ ಈ ಎಚ್ಚರ ಹೆಚ್ಚು ಬೇಕು.

ಗರ್ಭಧಾರಣೆ ಕೇಂದ್ರದವರು ಸಾರಜನಕದ ಮಟ್ಟವನ್ನು ಅಳತೆ ಕಡ್ಡಿಯಿಂದ ತಪ್ಪದೆ ನೋಡತಕ್ಕದ್ದು. ನಳಿಕೆ ಆರಿಸುವಾಗ ಉಳಿದವನ್ನು ಜಾಡಿಯ ಕುತ್ತಿಗೆಯಿಂದ ಮೇಲಕ್ಕೆತ್ತದೆ, ಕೆಲವೇ ಸೆಕೆಂಡುಗಳಲ್ಲಿ ಕೆಳಗಿಳಿಸಬೇಕು. ಕರಗಿದ ನಳಿಕೆಯನ್ನು ಮತ್ತೆ ಒಳಗಿಡಕೂಡದು.

ರೈತರು ಗರ್ಭಧಾರಣೆಯ ದಿನಾಂಕವನ್ನೂ ನಳಿಕೆಯ ಮೇಲಿನ ಹೋರಿಯ ಸಂಖ್ಯೆಯನ್ನೂ ತಂಡದ ಸಂಖ್ಯೆಯನ್ನೂ ಬರೆದಿಡಬೇಕು. ಒಂದೇ ತಂಡದ ನಳಿಕೆಯಿಂದ ಊರಿನ ಹಲವು ಹಸುಗಳು ಗಬ್ಬವಾಗದಿದ್ದರೆ ಪಶುವೈದ್ಯರಿಗೆ ತಿಳಿಸಿ, ಉಳಿದ ನಳಿಕೆಗಳನ್ನು ಪರೀಕ್ಷೆ ಮಾಡಿಸಬೇಕು. ಹಸು ಬರಡೆಂದು ಮಾರುವ ಮುನ್ನ ಈ ಲೆಕ್ಕ ನೋಡುವುದು ಲೇಸು.