ಲೀಡರ್‌ಶಿಪ್ ಕಾಲಂನಲ್ಲಿ ಏನು ಬರೆಯೋದು?

ಭಾನುವಾರದ ಮಧ್ಯಾಹ್ನ, ಊಟ ಆದಮೇಲಿನ ನಿದ್ದೆ ಬಿಟ್ಟು ಬಂದಿದ್ದೀರಿ. ಹಾಗಾಗಿ ಸ್ಲೈಡ್ ಹಾಕಿ ನಿಮ್ಮನ್ನು ಮತ್ತೆ ಮಲಗಿಸೋದಿಲ್ಲ, ಬರೀ ಮಾತಾಡ್ತೀನಿ.

ನಾನು ರಾಯಚೂರು ಜಿಲ್ಲೆಯವನು. ಇಲ್ಲಿ ಹೈದರಾಬಾದ್‌ನಲ್ಲೇ ಎಂಟೆಕ್ ಮಾಡಿ, ಇಲ್ಲೇ ಕೆಲಸಕ್ಕೆ ಸೇರಿ, ಈಗ ಹನ್ನೆರಡು ವರ್ಷ ಆಗ್ತಾ ಬಂತು. ಈಗ ಎರಡು ವರ್ಷದಿಂದ ಒಂದು ಕೆಲಸ ಮಾಡ್ತಿದ್ದೀನಿ. ಸ್ಕಾಲರ್‌ಶಿಪ್‌ಗೆ ಬರುವ ಅರ್ಜಿಗಳನ್ನು ಮೊದಲ ಸುತ್ತಿನಲ್ಲಿ ಓದೋದು. ಸಂಬಳ ಇಲ್ಲ, ಶನಿವಾರ ಹೋಗುತ್ತೆ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ ಎಲ್ಲಾ ಕಂಪ್ಯೂಟರೇ ನೋಡಿಕೊಳ್ಳುತ್ತೆ. ನಾವು ಓದೋದು ಒಂದೇ ಭಾಗ: "ನಿಮ್ಮ ನಾಯಕತ್ವ, ಸಮಾಜಸೇವೆ ಮತ್ತು ಸಂಶೋಧನೆಯ ಬಗ್ಗೆ 500 ಪದಗಳಲ್ಲಿ ಬರೆಯಿರಿ."

ಈ 500 ಪದಗಳ ಬಗ್ಗೆಯೇ ಇವತ್ತಿನ ಮಾತು.

ಬರೀ ಮಾರ್ಕ್ಸ್ ನೋಡಬಾರದು, ಮನುಷ್ಯನನ್ನೂ ನೋಡಬೇಕು ಅನ್ನೋದು ಹಳೇ ಆಸೆ. ಆಕ್ಸ್‌ಫರ್ಡ್‌ನ ರೋಡ್ಸ್ ಸ್ಕಾಲರ್‌ಶಿಪ್ ಶುರುವಾಗಿದ್ದು 1903ರಲ್ಲಿ. ಸೆಸಿಲ್ ರೋಡ್ಸ್ ತನ್ನ ಉಯಿಲಿನಲ್ಲೇ ಓದಿನ ಜೊತೆ ಆಟ, ದುರ್ಬಲರ ಬಗ್ಗೆ ಅನುಕಂಪ, ಮುಂದಾಳತ್ವದ ಗುಣ ಎಲ್ಲಾ ಸೇರಿಸಿದ್ದ. ಆಫ್ರಿಕಾದಲ್ಲಿ ಆ ಮನುಷ್ಯ ಮಾಡಿದ್ದು ನೋಡಿದ್ರೆ ಅನುಕಂಪದ ಪಾಠ ಅವನ ಬಾಯಿಗೆ ಒಪ್ಪೋದಿಲ್ಲ, ಆ ಮಾತು ಬೇರೆ. ಅದೇ ಸ್ಕಾಲರ್‌ಶಿಪ್‌ನಲ್ಲಿ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ್ದ ನಮ್ಮ ಗಿರೀಶ ಕಾರ್ನಾಡರು 1960ರಲ್ಲಿ ಆಕ್ಸ್‌ಫರ್ಡ್‌ಗೆ ಹೋದ್ರು. ಅಲ್ಲಿ ಆಕ್ಸ್‌ಫರ್ಡ್ ಯೂನಿಯನ್‌ನ ಅಧ್ಯಕ್ಷರೂ ಆದ್ರು.

ಅಷ್ಟು ದೂರ ಯಾಕೆ, ನಮ್ಮ ಹೈದರಾಬಾದನ್ನೇ ತಗೊಳ್ಳಿ. 1895ರಲ್ಲಿ ಇಲ್ಲಿನ ಒಬ್ಬ ಹದಿನಾರು ವರ್ಷದ ಹುಡುಗಿಗೆ ನಿಜಾಮರ ಸ್ಕಾಲರ್‌ಶಿಪ್ ಸಿಕ್ಕಿತು, ಇಂಗ್ಲೆಂಡಿಗೆ ಹೋಗಿ ಓದೋಕೆ. ಆಕೆ ಬರೆದಿದ್ದು ಒಂದು ನಾಟಕ ಮತ್ತು ಒಂದಷ್ಟು ಕವಿತೆ. ಆಗ ಅವಳ ಹತ್ರ ಲೀಡರ್‌ಶಿಪ್ ಬಗ್ಗೆ 500 ಪದ ಕೇಳಿದ್ದಿದ್ರೆ ಏನು ಬರೀತಿದ್ದಳೋ. ಆಕೆ ಸರೋಜಿನಿ ನಾಯ್ಡು. 1908ರಲ್ಲಿ ಮೂಸಿ ನದಿ ಉಕ್ಕಿ ಅರ್ಧ ಊರು ಕೊಚ್ಚಿಹೋದಾಗ ಪರಿಹಾರದ ಕೆಲಸಕ್ಕೆ ನಿಂತಿದ್ದು, 1925ರಲ್ಲಿ ಕಾಂಗ್ರೆಸ್ ಅಧ್ಯಕ್ಷೆಯಾಗಿದ್ದು, ಎಲ್ಲಾ ಆಮೇಲಿನ ಮಾತು. 1974ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯ ಶುರುವಾಗಿದ್ದೂ ಆಕೆಯ ಮನೆ ಗೋಲ್ಡನ್ ಥ್ರೆಶೋಲ್ಡ್‌ನಲ್ಲೇ. ಅಬಿಡ್ಸ್ ಕಡೆ ಹೋದಾಗ ನೋಡ್ರಿ.

ಈಗಿನ ಕೆಲವು ಯೋಜನೆಗಳು ಇದನ್ನ ಬೇರೆ ಥರ ಬಗೆಹರಿಸಿಕೊಂಡಿವೆ. 2018ರಲ್ಲಿ ಶುರುವಾದ ಪ್ರಧಾನ ಮಂತ್ರಿ ರಿಸರ್ಚ್ ಫೆಲೋಶಿಪ್ ಇದೆಯಲ್ಲ, ಮೊದಲೆರಡು ವರ್ಷ ತಿಂಗಳಿಗೆ 70,000 ರೂಪಾಯಿ, ಕೊನೆಗೆ 80,000ಕ್ಕೆ ಹೋಗೋದು. ಅದರಲ್ಲಿ ಒಂದು ನಿಯಮ ನನಗೆ ಬಹಳ ಇಷ್ಟ. ಆ ಫೆಲೋ ವಾರಕ್ಕೊಂದು ಸಲ ಹತ್ತಿರದ ಐಟಿಐ, ಪಾಲಿಟೆಕ್ನಿಕ್ ಅಥವಾ ಇಂಜಿನಿಯರಿಂಗ್ ಕಾಲೇಜಿಗೆ ಹೋಗಿ ಪಾಠ ಮಾಡಬೇಕು. "ಹಿಂದೆ ಏನು ಸೇವೆ ಮಾಡಿದ್ದೀಯ, ಸರ್ಟಿಫಿಕೇಟ್ ತೋರಿಸು" ಅನ್ನೋದಿಲ್ಲ. ದುಡ್ಡು ತಗೊಂಡು ಈಗ ಮಾಡು ಅನ್ನುತ್ತೆ. ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್ ನಡೆಸುವ ಲೀಡ್ ಕಾರ್ಯಕ್ರಮವೂ ಹೆಚ್ಚುಕಮ್ಮಿ ಹಂಗೇ. ನಿಮ್ಮೂರಿನ ಒಂದು ಸಮಸ್ಯೆ ಹಿಡಿ, ಕೈ ಹಚ್ಚು, ನಾವು ಜೊತೆಗಿರ್ತೀವಿ ಅಂತ.

ಆದರೆ ಬಹಳಷ್ಟು ಅರ್ಜಿಗಳಲ್ಲಿ ಇನ್ನೂ ಆ 500 ಪದದ ಪೆಟ್ಟಿಗೆಯೇ ಇದೆ. ಆ ಪೆಟ್ಟಿಗೆಯಲ್ಲಿ ಯಾರು ಗೆಲ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು. ಯಾಕಂದ್ರೆ ಒಂದ್ಸಲ ನಾನೇ ಗೆದ್ದಿದ್ದೆ.

ಇದನ್ನ ಇಲ್ಲೀವರೆಗೆ ಎಲ್ಲೂ ಹೇಳಿಲ್ಲ. 2013ರಲ್ಲಿ ನಾನು ಎಂಟೆಕ್‌ಗೆ ಸೇರಿದಾಗ ಗೇಟ್ ಸ್ಟೈಪೆಂಡ್ ತಿಂಗಳಿಗೆ 8,000. ಅದು 12,400 ಆಗಿದ್ದು ನಾವು ಎರಡನೇ ವರ್ಷಕ್ಕೆ ಬಂದಮೇಲೆ. ಆ 8,000ದಲ್ಲಿ ಮೆಸ್ ಬಿಲ್ ಕಟ್ಟಿ, ಮನೆಗೂ ಒಂದಿಷ್ಟು ಕಳಿಸಿ, ಲ್ಯಾಪ್‌ಟಾಪ್ ಎಲ್ಲಿಂದ ಬರಬೇಕು? ಆಗ ಒಂದು ಖಾಸಗಿ ಟ್ರಸ್ಟ್‌ನ ಸ್ಕಾಲರ್‌ಶಿಪ್ ಬಂತು. ಹಾಸ್ಟೆಲ್‌ನಲ್ಲಿ ನಾನೂ ನನ್ನ ರೂಮ್‌ಮೇಟೂ ಇಬ್ಬರೂ ಹಾಕಿದ್ವಿ. ಅವನು ಬೀದರ್ ಜಿಲ್ಲೆಯವನು.

ನಾನು ಬರೆದಿದ್ದು ರಕ್ತದಾನ ಶಿಬಿರದ ಬಗ್ಗೆ. ಶಿಬಿರ ನಡೆದಿದ್ದು ನಿಜ. ನಾನು ಹೋಗಿದ್ದು ಒಂದು ತಾಸು, ಬ್ಯಾನರ್ ಹಿಡಿದು ಫೋಟೋಕ್ಕೆ ನಿಂತಿದ್ದೆ, ಬಿಸ್ಕತ್ತು ತಿಂದು ವಾಪಸ್ ಬಂದೆ. ಅರ್ಜಿಯಲ್ಲಿ ಅದು "ಶಿಬಿರವನ್ನು ಸಂಘಟಿಸಿ ಮುನ್ನಡೆಸಿದೆ" ಅಂತಾಯ್ತು. ಇಂಗ್ಲಿಷಿನಲ್ಲಿ ಆ ವಾಕ್ಯ ಎಷ್ಟು ಚೆಂದ ಕೂತಿತ್ತು ಅಂದ್ರೆ, ನಾಲ್ಕು ಸಲ ಓದಿದ ಮೇಲೆ ನನಗೇ ನಿಜ ಅನಿಸೋಕೆ ಶುರುವಾಯ್ತು. ಫೋಟೋ ಲಗತ್ತಿಸಿದೆ.

ಅವನು ಆ ಕಾಲಂನಲ್ಲಿ "ಇಲ್ಲ" ಅಂತ ಬರೆದ.

ಅದೇ ಮಳೆಗಾಲದಲ್ಲಿ ನಮ್ಮ ಹಾಸ್ಟೆಲ್‌ನಲ್ಲಿ ಡೆಂಗಿ ಬಂದಿತ್ತು. ನಮ್ಮ ಸಾಲಿನಲ್ಲೇ ಮೂರು ಜನ ಮಲಗಿದ್ರು. ರಾತ್ರಿ ಎರಡು ಗಂಟೆಗೆ ಆಟೋ ಹುಡುಕಿ ಆಸ್ಪತ್ರೆಗೆ ಸೇರಿಸಿದ್ದು ಅವನು. ಪ್ಲೇಟ್ಲೆಟ್ ಕೊಡೋರನ್ನು ಹುಡುಕಿ, ಯಾರದು ಯಾವ ಗ್ರೂಪು ಅಂತ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ಬಾಗಿಲಿಗೆ ಅಂಟಿಸಿದ್ದೂ ಅವನೇ. ಮೆಸ್‌ನವರ ಹತ್ರ ಜಗಳ ಆಡಿ ಗಂಜಿ ಮಾಡಿಸಿದ. ಲ್ಯಾಬ್‌ನಲ್ಲಿ ಅವರ ಪಾಳಿಯನ್ನೂ ತಾನೇ ಮಾಡಿದ. ವಾರಕ್ಕೆ ಎಂಟು ತಾಸು ಟಿಎ ಕೆಲಸ ಮಾಡದಿದ್ರೆ ಸ್ಟೈಪೆಂಡ್‌ಗೆ ಕುತ್ತು, ನಿಮಗೆ ಗೊತ್ತಲ್ಲ. ಇದಕ್ಕೆಲ್ಲ ಬ್ಯಾನರ್ ಇರಲಿಲ್ಲ, ಫೋಟೋ ತೆಗೆಯೋಕೆ ಯಾರಿಗೂ ಪುರುಸೊತ್ತೂ ಇರಲಿಲ್ಲ.

ದುಡ್ಡು ನನಗೆ ಬಂತು. ಲ್ಯಾಪ್‌ಟಾಪ್ ತಗೊಂಡೆ.

ಈಗ ಅರ್ಜಿ ಓದುವಾಗ ನನಗೆ ಎರಡೂ ಥರದವರು ಕಾಣ್ತಾರೆ. ಬೆಂಗಳೂರು, ಹೈದರಾಬಾದ್‌ನ ದೊಡ್ಡ ಶಾಲೆಗಳಿಂದ ಬಂದವರಿಗೆ ಒಂಬತ್ತನೇ ಕ್ಲಾಸಿನಿಂದಲೇ ಯಾರೋ ಹೇಳಿಕೊಟ್ಟಿರ್ತಾರೆ, ಇದನ್ನ ಮಾಡು, ಸರ್ಟಿಫಿಕೇಟ್ ಇಟ್ಕೊ ಅಂತ. ಎಲ್ಲರೂ ನನ್ನಂಗೆ ಸುಳ್ಳು ಬರೀತಾರೆ ಅಂತ ಹೇಳ್ತಿಲ್ಲ. ಬಹಳ ಜನ ನಿಜವಾಗ್ಲೂ ಮಾಡಿರ್ತಾರೆ. ಆದರೆ ಕಲಬುರಗಿ, ಯಾದಗಿರಿ, ಕೊಪ್ಪಳ ಕಡೆಯಿಂದ ಬಂದ ಅರ್ಜಿಗಳಲ್ಲಿ ಆ ಪೆಟ್ಟಿಗೆ ಖಾಲಿ ಇರುತ್ತೆ. ಇಲ್ಲಾ ಗೂಗಲ್‌ನಿಂದ ತಂದ ಎರಡು ಸಾಲು, ಈಗೀಗ ಚಾಟ್‌ಜಿಪಿಟಿ ಬರೆದ ಇಪ್ಪತ್ತು ಸಾಲು. ಖಾಲಿ ಇದ್ರೂ ಕನಿಕರ ಬರುತ್ತೆ, ಆ ಇಪ್ಪತ್ತು ಸಾಲು ಓದೋದು ಮಾತ್ರ ಶಿಕ್ಷೆ.

ಹೋದ ವರ್ಷ ಗೆಳೆಯರೊಬ್ಬರು ಒಂದು ಹುಡುಗಿಯನ್ನು ನನ್ನ ಹತ್ರ ಕಳಿಸಿದ್ರು. ನಾನು ಓದದೇ ಇರುವ ಬೇರೊಂದು ಸ್ಕಾಲರ್‌ಶಿಪ್‌ಗೆ ಅವಳು ಅರ್ಜಿ ಹಾಕೋದಿತ್ತು. ಯಾದಗಿರಿ ಕಡೆಯವಳು, ಇಲ್ಲಿ ಎಂಎಸ್ಸಿ ಓದ್ತಿದ್ದಾಳೆ. ಕಾಲಂ ಖಾಲಿ. "ಏನೂ ಮಾಡಿಲ್ರಿ ಅಣ್ಣ" ಅಂದ್ಲು. ಸರಿ, ಕೊರೊನಾ ಟೈಮ್‌ನಲ್ಲಿ ಏನ್ ಮಾಡ್ತಿದ್ದೆ ಅಂತ ಕೇಳಿದೆ. "ಊರಾಗ ಇದ್ದೆ. ಹುಡುಗ್ರಿಗೆ ಹೇಳ್ಕೊಡ್ತಿದ್ದೆ."

2020ರಲ್ಲಿ ಕರ್ನಾಟಕದಲ್ಲಿ ವಿದ್ಯಾಗಮ ಅಂತ ಇತ್ತು, ನೆನಪಿರಬಹುದು. ಶಾಲೆ ಮುಚ್ಚಿದ್ದಾಗ ಮೇಷ್ಟ್ರುಗಳೇ ಊರೂರಿಗೆ ಹೋಗಿ ಗುಡಿ, ಕಟ್ಟೆ, ಮರದ ಕೆಳಗೆ ಮಕ್ಕಳಿಗೆ ಪಾಠ ಮಾಡೋದು. ಸೋಂಕು ಹರಡ್ತಿದೆ ಅಂತ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿದ್ರು. ನಿಂತ ಮೇಲೆ ಈ ಹುಡುಗಿ ತಮ್ಮ ಓಣಿಯ ಇಪ್ಪತ್ಮೂರು ಮಕ್ಕಳನ್ನು ಎರಡು ಗುಂಪು ಮಾಡಿ, ದೂರ ದೂರ ಕೂರಿಸಿ, ಹನುಮಪ್ಪನ ಗುಡಿ ಕಟ್ಟೆ ಮೇಲೆ ನಾಲ್ಕು ತಿಂಗಳು ಲೆಕ್ಕ ಹೇಳಿಕೊಟ್ಟಿದ್ದಾಳೆ. ಆಗ ಅವಳಿನ್ನೂ ಪಿಯುಸಿ. ಒಂದು ಹಳೇ ನೋಟ್‌ಬುಕ್ ಇತ್ತು. ಅದರಲ್ಲಿ ಹಾಜರಿ, ಯಾರು ಕಳೆಯುವ ಲೆಕ್ಕದಲ್ಲಿ ದಶಕ ತಗೊಳ್ಳೋದು ಮರೀತಾರೆ, ಯಾರಿಗೆ ಮಗ್ಗಿ ಬರುತ್ತೆ ಆದ್ರೆ ಭಾಗಾಕಾರ ಬರಲ್ಲ, ಎಲ್ಲಾ ಬರೆದಿಟ್ಟಿದ್ದಾಳೆ. ಜಾತ್ರೆ ವಾರದಲ್ಲಿ ಹಾಜರಿ ಬಿದ್ದುಹೋಗಿದ್ದಕ್ಕೂ ಅಂಚಿನಲ್ಲಿ ಒಂದು ಟಿಪ್ಪಣಿ.

ಅಲ್ರೀ, ನಾಯಕತ್ವ, ಸೇವೆ, ಸಂಶೋಧನೆ ಮೂರೂ ಒಂದೇ ನೋಟ್‌ಬುಕ್‌ನಲ್ಲಿವೆ! "ಇದನ್ನ ಯಾಕ ಬರೀಲಿಲ್ಲ?" ಅಂದ್ರೆ, "ಹುಡುಗ್ರು ಖಾಲಿ ಅಡ್ಡಾಡ್ತಿದ್ವು, ಕರ್ದು ಕುಂಡ್ರಿಸಿದೆ. ಅದ್ರಾಗೇನೈತ್ರಿ ಲೀಡರ್‌ಶಿಪ್ಪು?"

ನಾನು ಬರೆದುಕೊಡಲಿಲ್ಲ. ಈ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ನಾವು ಬರೆದುಕೊಟ್ಟರೆ ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳ್ತಾರೆ, ಅವರ ಮಾತೂ ಸತ್ತುಹೋಗುತ್ತೆ. ನಾನು ಕೇಳಿದ್ದು ಒಂದೇ ಪ್ರಶ್ನೆ: "ನೀನು ಇರದೇ ಇದ್ದಿದ್ರೆ ಯಾವ ಕೆಲಸ ನಿಂತುಹೋಗ್ತಿತ್ತು?" ಅವಳು ಹತ್ತು ನಿಮಿಷ ಸುಮ್ಮನಿದ್ದು, ಆಮೇಲೆ ಕನ್ನಡದಲ್ಲೇ ಬರೆದ್ಲು. ಇಬ್ಬರೂ ಕೂತು ಇಂಗ್ಲಿಷಿಗೆ ತಂದ್ವಿ. "ಮುನ್ನಡೆಸಿದೆ" ಅನ್ನೋ ಪದ ಎಲ್ಲೂ ಹಾಕಲಿಲ್ಲ. ಇಪ್ಪತ್ಮೂರು ಮಕ್ಕಳು, ನಾಲ್ಕು ತಿಂಗಳು, ನೋಟ್‌ಬುಕ್ಕಿನ ಎರಡು ಪುಟದ ಫೋಟೋ. ಅದೇ ಊರಿನ ಶಾಲೆಯ ಹೆಡ್‌ಮಾಸ್ಟರ್ ಕೈಯಿಂದ ಒಂದು ಪತ್ರ. ಸಹಿಗೆ ಅವರನ್ನ ಹಿಡಿಯೋಕೆ ಎರಡು ವಾರ ಹೋಯ್ತು, ಅದಕ್ಕೇ ಕೊನೇ ದಿನಾಂಕದ ಒಂದು ತಿಂಗಳು ಮುಂಚೆ ಶುರು ಮಾಡಿ ಅಂತ ಹೇಳೋದು. ನಾಡಕಚೇರಿಯ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯಾ ಅಂತಲೂ ಆಗಲೇ ನೋಡ್ಕೊಳ್ಳಿ. ಎಷ್ಟೋ ಒಳ್ಳೇ ಅರ್ಜಿ ಅಲ್ಲೇ ಬಿದ್ದುಹೋಗಿವೆ.

ಅವಳ ಫಲಿತಾಂಶ ಇನ್ನೂ ಬಂದಿಲ್ಲ. ಇಂಟರ್‌ವ್ಯೂ ಆಗಿದೆ.

ಇಲ್ಲಿ ಕೂತಿರೋ ನಾವೆಲ್ಲ ಆಫೀಸಿನಲ್ಲಿ ವರ್ಷಕ್ಕೊಂದು ಸಲ ಅಪ್ರೈಸಲ್ ಫಾರ್ಮ್ ತುಂಬಿ ತುಂಬಿ, ಮಾಡಿದ ಕೆಲಸವನ್ನ ಹೇಳಿಕೊಳ್ಳೋದು ಹೇಗೆ ಅಂತ ಪಳಗಿಬಿಟ್ಟಿದ್ದೀವಿ. ನಿಮ್ಮೂರಿನ ಒಬ್ಬ ಹುಡುಗನ ಜೊತೆ ಫೋನಿನಲ್ಲಿ ಒಂದು ತಾಸು ಕೂತು ಆ ಪ್ರಶ್ನೆ ಕೇಳೋಕೆ ಆಗುತ್ತಾ? ಆಗೋರು ಹೊರಗೆ ಟೇಬಲ್ ಮೇಲಿರೋ ಹಾಳೆಯಲ್ಲಿ ಹೆಸರು ಬರೆದು ಹೋಗಿ. ದುಡ್ಡು ಬೇಡ.

ಹಾಂ, ಬೀದರಿನ ನನ್ನ ಗೆಳೆಯನ ಕಥೆ ಅರ್ಧಕ್ಕೇ ಬಿಟ್ಟೆ. ಹೋದ ತಿಂಗಳು ಫೋನ್ ಮಾಡಿ ಎಲ್ಲಾ ಹೇಳಿದೆ, ಬ್ಯಾನರ್, ಬಿಸ್ಕತ್ತು ಎಲ್ಲಾ. ಅವನು ಈಗ ಪಾಲಿಟೆಕ್ನಿಕ್‌ನಲ್ಲಿ ಲೆಕ್ಚರರ್. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಆವಾಗೇ ಗೊತ್ತಿತ್ತು ಬಿಡೋ. ಆ ಫೋಟೋ ನಾನೇ ತಗದಿದ್ನಲ್ಲ" ಅಂದ. "ಮತ್ತ ನನ್ನ ಥೀಸಿಸ್‌ನೂ ಅದೇ ಲ್ಯಾಪ್‌ಟಾಪ್‌ದಾಗ ಟೈಪ್ ಮಾಡೀನಿ, ಮರ್ತಿಯೇನು?"

ನಾನು ಮರೆತೇಬಿಟ್ಟಿದ್ದೆ.

ಸರಿ, ಮೈಕ್ ಅಲ್ಲಿ ಹಿಂದಕ್ಕೆ ಕೊಡ್ರಿ. ಕಂಬದ ಪಕ್ಕ ಯಾರೋ ಆಗಿನಿಂದ ಕೈ ಎತ್ತಿದ್ದಾರೆ.