ಗಾದೆಯ ಸ್ವರೂಪವೂ ಪ್ರಯೋಗವೂ
(ಕರಜಗಿಯಲ್ಲಿ ಮಾಡಿದ ಭಾಷಣ)



‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಈ ಮಾತನ್ನು ಅಕ್ಷರಶಃ ಹಿಡಿದರೆ ತೊಡಕಿಗೆ ಬೀಳುವೆವು. ‘ತಾಳಿದವನು ಬಾಳಿಯಾನು’ ಎಂಬುದೂ ಗಾದೆಯೇ. ‘ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು’ ಎಂಬುದೂ ಗಾದೆಯೇ. ಎರಡರಲ್ಲಿ ಸತ್ಯವಾದುದು ಯಾವುದು? ವಕೀಲರಿಗೆ ಈ ಪ್ರಶ್ನೆ ಹೊಸದಲ್ಲ. ಒಂದೇ ಕಾಯಿದೆಯ ಮೇಲೆ ಉಭಯ ಪಕ್ಷದವರೂ ತಮತಮಗೆ ಅನುಕೂಲವಾದ ಹಳೆಯ ತೀರ್ಪುಗಳನ್ನು ಮುಂದಿಡುವದುಂಟು. ಗಾದೆಯೂ ಅಂಥದೊಂದು ತೀರ್ಪು. ಎದುರಿಗಿರುವ ಪ್ರಸಂಗಕ್ಕೆ ಅದು ಒಪ್ಪಿತೆಂದರೆ ವಾದ ಮುಗಿಯಿತು. ಒಪ್ಪದಿದ್ದರೆ ಕೇಳಿದವರು ನಗುವರು.

ಅದರ ಇನ್ನೊಂದು ಗುಣವು ನನಗೆ ಇದಕ್ಕಿಂತಲೂ ದೊಡ್ಡದಾಗಿ ತೋರುವದು. ಕಾಯಬೇಕಾದ ಅಧಿಕಾರಿಯೇ ಲಂಚ ತಿಂದಾಗ ಬಡ ರೈತನು ಅವನ ಹೆಸರೆತ್ತಲಾರನು. ‘ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು?’ ಎನ್ನುವನು. ಕೂಡಿದ ಮಂದಿಗೆಲ್ಲ ತಿಳಿಯುವದು, ತಿಂದವನಿಗೂ ತಿಳಿಯುವದು, ಆದರೆ ಮಾನಹಾನಿಯ ದಾವೆ ಹೂಡಲು ಅದರಲ್ಲಿ ಒಂದು ಹೆಸರೂ ಸಿಕ್ಕದು! ನಿರ್ಬಲನ ಕೈಯಲ್ಲಿ ಇದು ಹರಿತವಾದ ಆಯುಧ.

ಆದರೆ ಕೇಳುವವನಿಗೂ ಅದೇ ಭಾಷೆ ಬರಬೇಕು. ನಮ್ಮ ಈ ಅಫಜಲಪುರದ ಸೀಮೆ 1948ರ ಸೆಪ್ಟೆಂಬರದವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು. ರೈತನ ಆ ಮಾತನ್ನು ದುಭಾಷಿಯು ಶಬ್ದಕ್ಕೆ ಶಬ್ದವಿಟ್ಟು ತಿರುಗಿಸಿದನೆನ್ನಿರಿ. ‘ಯಾವ ಬೇಲಿ? ಹೊಲದ ಸರ್ವೆ ನಂಬರ ಎಷ್ಟು?’ ಎಂಬ ಪ್ರಶ್ನೆ ಬಂದೀತು! ಕೇಳಲಿಕ್ಕೆ ವಿನೋದವೇ ಸರಿ. ಆದರೆ ರೈತನ ಅಹವಾಲು ಅಲ್ಲಿಗೇ ಸತ್ತಿತು.

ಉರ್ದುವಿನ ಮೇಲಾಗಲಿ ಮರಾಠಿಯ ಮೇಲಾಗಲಿ ನನಗೆ ದ್ವೇಷವಿಲ್ಲ. ನಾವು ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದರೆ, ಮರಾಠಿಯವರು ‘ಅಂಥರೂಣ’ವನ್ನೂ ಉರ್ದುವಿನವರು ‘ಚಾದರ’ವನ್ನೂ ನೋಡಿ ಚಾಚೆನ್ನುವರು. ನಮ್ಮಲ್ಲಿ ಕುಣಿಯಲಾರದವಳಿಗೆ ನೆಲ ಡೊಂಕು. ಆ ಎರಡು ಭಾಷೆಗಳಲ್ಲಿಯೂ ಅಂಗಳ ಡೊಂಕು. ಆದುದರಿಂದ ಗಾದೆಗಳನ್ನು ತೋರಿಸಿ ಊರು ಯಾರದೆಂದು ಸಾಧಿಸಹೊರಡುವವರು ಸೋಲುವರು. ತನ್ನ ಹಾಸಿಗೆಯನ್ನು ಕಚೇರಿಯಲ್ಲಿಯೂ ಹಾಸಿಗೆಯೆಂದೇ ಅನ್ನುವ ಹಕ್ಕು ಪ್ರಜೆಗೆ ಬೇಕು. ಏಕೀಕರಣವನ್ನು ನಾವು ಬೇಡಿದ್ದು ಇದಕ್ಕಾಗಿಯೇ.

ಕಿಟೆಲ್ ಸಾಹೇಬರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ತಮ್ಮ ನಿಘಂಟಿನಲ್ಲಿ ಶಬ್ದಾರ್ಥಕ್ಕೆ ಗಾದೆಗಳನ್ನೂ ಸಾಕ್ಷಿಯಾಗಿ ನಿಲ್ಲಿಸಿರುವರು. ನಮ್ಮ ಶಾಲೆಗಳಲ್ಲಿಯಾದರೋ ಗಾದೆಯೆಂದರೆ ಪರೀಕ್ಷೆಯಲ್ಲಿ ವಿಸ್ತರಿಸತಕ್ಕ ವಾಕ್ಯ! ಹುಡುಗನು ಹತ್ತು ಸಾಲು ನೀತಿ ಬರೆದು ಪಾಸಾಗುವನು. ಯಾರು ಯಾರಿಗೆ, ಯಾವ ಹೊತ್ತಿನಲ್ಲಿ ಆ ಮಾತನ್ನು ಅನ್ನುವರೆಂಬುದು ಅವನಿಗೆ ತಿಳಿಯದು. ಉಪಾಧ್ಯಾಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಮನೆಯಲ್ಲಿ ಅಜ್ಜಿ ಸೊಸೆಗೆ ಅಂದದ್ದನ್ನೂ, ಕಣದಲ್ಲಿ ಒಕ್ಕಲಿಗನು ಸಾಹುಕಾರನಿಗೆ ಅಂದದ್ದನ್ನೂ ಪ್ರಸಂಗಸಹಿತವಾಗಿ ಬರೆದು ತರಲು ಹುಡುಗರಿಗೆ ಹೇಳಿರಿ. 1956ರ ನವ್ಹೆಂಬರ 1ರಂದು ಏಕೀಕರಣವಾದಾಗ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳ ಕನ್ನಡದ ಹಳ್ಳಿಗಳು ಹೊರಗುಳಿದವು. ಅಲ್ಲಿಯ ಬೀಗರ ಮನೆಗೆ ಹೋಗುವಾಗಲೂ ಒಂದು ವಹಿ ಜೊತೆಗಿರಲಿ.