ಹಸಿರಿನಲ್ಲಿ ಅಡಗಿದ ಹಸಿರು

ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಪೋಲೆಂಡಿನ ಯೋಜೆಫ್ ಕೊಸಾಟ್ಸ್ಕಿ ರೂಪಿಸಿದ ಲೋಹಶೋಧಕ 1942ರ ಎಲ್ ಅಲಮೈನ್ ಕದನದಲ್ಲಿ ಬ್ರಿಟಿಷ್ ಸೇನೆಗೆ ನೆಲಬಾಂಬುಗಳ ನಡುವೆ ದಾರಿ ತೋರಿಸಿತು. ಬಾಂಬು ಮಾಡುವವರೂ ಸುಮ್ಮನೆ ಕೂರಲಿಲ್ಲ. ಲೋಹ ಬಿಟ್ಟು ಪ್ಲಾಸ್ಟಿಕ್ ಹಿಡಿದರು. ಸೋವಿಯತ್ ಸೇನೆ 1980ರ ದಶಕದಲ್ಲಿ ಆಫ್ಘಾನಿಸ್ತಾನದ ಮೇಲೆ ಆಕಾಶದಿಂದ ಸುರಿದ ಪಿಎಫ್‌ಎಂ–1 ಅಂಥದ್ದು. ತೂಕ ಸುಮಾರು 75 ಗ್ರಾಂ. ಅದರಲ್ಲಿ ಅರ್ಧದಷ್ಟು ದ್ರವ ಸ್ಫೋಟಕ. ಚಿಟ್ಟೆಯಂಥ ಆಕಾರ. ಮಕ್ಕಳನ್ನು ಸೆಳೆಯಲೆಂದೇ ಆಟಿಕೆಯಂತೆ ಮಾಡಿದರೆಂಬ ಮಾತು ಬಹಳ ಹಬ್ಬಿದೆ. ಅದು ಸರಿಯಲ್ಲ. ಗಾಳಿಯಲ್ಲಿ ತಿರುಗುತ್ತ ಮೆಲ್ಲಗೆ ಇಳಿಯಲೆಂದು ಆ ರೆಕ್ಕೆ. ಎತ್ತಿಕೊಂಡ ಮಗುವಿಗೆ ಈ ವಿವರಣೆಯಿಂದ ಕಳೆದ ಬೆರಳೇನೂ ಮರಳುವುದಿಲ್ಲ. 2022ರ ನಂತರ ಇದೇ ಬಾಂಬು ಉಕ್ರೇನಿನ ನೆಲದಲ್ಲೂ ಕಾಣಿಸಿಕೊಂಡಿತು.

ಹಸಿರು ಪ್ಲಾಸ್ಟಿಕ್ ಹುಲ್ಲಿನಲ್ಲಿ ಬಿದ್ದರೆ ಕಣ್ಣು ಸೋಲುತ್ತದೆ. ಮನುಷ್ಯನ ಕಣ್ಣು ಬಣ್ಣವನ್ನು ಅಳೆಯುವುದು ಸ್ಥೂಲವಾಗಿ ಕೆಂಪು, ಹಸಿರು, ನೀಲಿ ಎಂಬ ಮೂರೇ ಪಾಲಿನಲ್ಲಿ. ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾ ಅದೇ ಬೆಳಕನ್ನು, ಕಣ್ಣಿಗೆ ಕಾಣದ ಅವಕೆಂಪನ್ನೂ ಸೇರಿಸಿ, ನೂರಾರು ಸಣ್ಣ ಪಟ್ಟಿಗಳಾಗಿ ಸೀಳುತ್ತದೆ. ಬೆಳಕಿನ ಅಲೆಯುದ್ದ 700 ನ್ಯಾನೊಮೀಟರ್ ದಾಟುತ್ತಲೇ ಹಸಿ ಎಲೆ ಅದನ್ನು ಧಾರಾಳವಾಗಿ ಹಿಂದಕ್ಕೆ ಕಳಿಸುತ್ತದೆ. ಪ್ಲಾಸ್ಟಿಕ್ಕಿನ ನಡತೆ ಬೇರೆ: 1,700 ನ್ಯಾನೊಮೀಟರಿನ ಆಸುಪಾಸಿನಲ್ಲಿ ಅದರ ಇಂಗಾಲ–ಜಲಜನಕ ಬಂಧಗಳು ಬೆಳಕನ್ನು ಹೀರಿಕೊಂಡು ಗುಟ್ಟು ಬಿಟ್ಟುಕೊಡುತ್ತವೆ. ಅಕ್ಕಸಾಲಿ ಒರೆಗಲ್ಲಿನಿಂದ ಮಾಡುವ ಪರೀಕ್ಷೆಯೂ ಬಹುಮಟ್ಟಿಗೆ ಈ ಜಾತಿಯದೇ.

ಆದರೆ ಚಿತ್ರದ ಒಂದೊಂದು ಚುಕ್ಕೆಗೂ ನೂರಾರು ಅಂಕಿಗಳಾದರೆ ಓದುವವರಾರು? ಡೀಪ್ ಲರ್ನಿಂಗ್ ಬೇಕಾದದ್ದು ಇಲ್ಲಿ. ಗುರುತು ಹಾಕಿದ ಚಿತ್ರಗಳನ್ನು ಮತ್ತೆ ಮತ್ತೆ ತೋರಿಸಿದರೆ ಕಂಪ್ಯೂಟರು ಬಾಂಬಿನ ಚಹರೆಯನ್ನು ತಾನೇ ಕಲಿಯುತ್ತದೆ. ಎಷ್ಟು ಚೆನ್ನಾಗಿ? ಅಮೆರಿಕದ ಬಿಂಗ್‌ಹ್ಯಾಮ್‌ಟನ್ ವಿಶ್ವವಿದ್ಯಾಲಯದ ತಂಡ 2020ರಲ್ಲಿ ಪ್ರಕಟಿಸಿದ ಲೆಕ್ಕವನ್ನು ತಾವು ಗಮನಿಸಬೇಕು. ಡ್ರೋನ್ ತೆಗೆದ ಚಿತ್ರಗಳಲ್ಲಿ ಪಿಎಫ್‌ಎಂ–1 ಹುಡುಕಲು ಅವರು ಕಂಪ್ಯೂಟರಿಗೆ ಕಲಿಸಿದ್ದರು. ಕೊಂಚವಾದರೂ ಪರಿಚಯವಿದ್ದ ನೆಲದಲ್ಲಿ ಶೇ. 99.3ರಷ್ಟು ಸರಿ, ಎಂದೂ ನೋಡದ ನೆಲದಲ್ಲಿ ಶೇ. 71.5. ಮಣ್ಣು ಬದಲಾಯಿತು, ಹುಲ್ಲು ಬದಲಾಯಿತು, ಕಲಿತದ್ದು ಅಷ್ಟಕ್ಕೇ ತಡವರಿಸಿತು. ಅಂಗಡಿಯಲ್ಲಾದರೆ ಇಂಥ ತಪ್ಪನ್ನು ಸಹಿಸಬಹುದು. ಇಲ್ಲಿ ಬಿಟ್ಟುಹೋದ ಒಂದೊಂದು ಬಾಂಬೂ ಒಬ್ಬರ ಕಾಲಿನ ಲೆಕ್ಕ.

ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾ ಇದ್ದರೂ ಅದು ನೋಡುವುದು ಮೇಲ್ಮೈಯನ್ನು ಮಾತ್ರ. ಮಣ್ಣು ಮುಚ್ಚಿದ್ದು, ಎಲೆಯಡಿ ಸರಿದದ್ದು ಅದಕ್ಕೆ ಕಾಣದು. ಹಾಗಾಗಿ ಡ್ರೋನ್ ಹಾರಿಹೋದ ಮೇಲೂ ಹೊಲದಂಚಿನಲ್ಲಿ ಸಲಾಕೆ ಹಿಡಿದ ಮನುಷ್ಯ ಮೊಣಕಾಲೂರಿ, ನೆಲವನ್ನು ಓರೆಯಾಗಿ ಚುಚ್ಚುತ್ತ ಅಂಗುಲ ಅಂಗುಲವಾಗಿ ಮುಂದೆ ಸರಿಯಬೇಕು. ಮೊದಲು ಯಾವ ಮೂಲೆಗೆ ಹೋಗಬೇಕೆಂದು ಯಂತ್ರ ಅವನಿಗೆ ಹೇಳೀತು.